ಗೌರೀಶಂಕರರ ಸ್ಲೋ ಮೆಟಬಾಲಿಸಮ್

ಬನಶಂಕರಿ ಎರಡನೇ ಹಂತದ ಗೌರೀಶಂಕರರಿಗೆ ಊಟದ ವಿಷಯದಲ್ಲಿ ಭೇದಭಾವವೇ ಇರಲಿಲ್ಲ. ಒಬ್ಬಟ್ಟು, ಆಂಬೊಡೆ, ಬಿಸಿಬೇಳೆ ಭಾತ್ ಎಲ್ಲವನ್ನೂ ಸಮಾನ ಗೌರವದಿಂದ ಕಾಣುತ್ತಿದ್ದರು. ವಿಮಾ ಕಚೇರಿಯಲ್ಲಿ ಒಂದೇ ಕುರ್ಚಿಯಲ್ಲಿ ಕೂತು, ಊರಿನವರ ಆಯುಷ್ಯಕ್ಕಿರುವ ಅಪಾಯಗಳನ್ನೆಲ್ಲ ಅಳೆದು ನಿವೃತ್ತರಾದ ಮನುಷ್ಯ. ತಮ್ಮ ಸೊಂಟವನ್ನು ಅಳೆಯಲು ಮಾತ್ರ ಪುರುಸೊತ್ತಾಗಿರಲಿಲ್ಲ.

ಪುಟ್ಟೇನಹಳ್ಳಿಯಲ್ಲಿ ಭಾವಮೈದನ ಗೃಹಪ್ರವೇಶ. ಟೇಬಲ್ ಊಟದಿಂದ ನಮ್ಮ ಸಂಸ್ಕೃತಿಯೇ ಹಾಳಾಯಿತೆಂದು ಭಾಷಣ ಮಾಡಿ, ನೆಲದ ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಚಕ್ಕಳಮಕ್ಕಳ ಹಾಕಿ ಕೂತರು. ಊಟವಾಯಿತು. ಎಲ್ಲರೂ ಕೈ ತೊಳೆಯಲು ಎದ್ದರು. ಎಲೆ ತೆಗೆಯುವವರೂ ಬಂದು ಹೋದರು. ಗೌರೀಶಂಕರರು ಮಾತ್ರ ಸಂಸ್ಕೃತಿಯನ್ನು ಬಿಟ್ಟು ಏಳಲಿಲ್ಲ. ಏಳಲು ಆಗಲಿಲ್ಲ. ಕೊನೆಗೆ ಒಂದು ತೋಳನ್ನು ಪುರೋಹಿತರೂ ಇನ್ನೊಂದನ್ನು ಭಾವಮೈದನೂ ಹಿಡಿದು, ಗೋಡೆಗೆ ಒರಗಿಸಿ ನಿಲ್ಲಿಸಿದರು. ಸಂಜೆ ಕಾಫಿಯ ಹೊತ್ತಿಗೆ ಅದರ ವಿಡಿಯೋ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿತ್ತು.

ಆಟೋದಲ್ಲಿ ಹಿಂತಿರುಗುವಾಗ ಹೆಂಡತಿ ಕಾತ್ಯಾಯಿನಿ ಮೆಲ್ಲಗೆ ಹೇಳಿದರು, "ರೀ, ಇನ್ಮೇಲಾದ್ರೂ ಸ್ವಲ್ಪ ಕಮ್ಮಿ ತಿನ್ನಿ."

"ತಿನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ ಕಣೇ. ನನ್ನ ಮೆಟಬಾಲಿಸಮ್ಮೇ ಸ್ಲೋ. ಬರೀ ನೀರು ಕುಡಿದ್ರೂ ದಪ್ಪ ಆಗ್ತೀನಿ."

"ನೀವು ಬರೀ ನೀರು ಕುಡಿದಿದ್ದು ಯಾವಾಗ ಅಂತ ನೆನಪಾಗ್ತಿಲ್ಲ," ಎಂದರು ಕಾತ್ಯಾಯಿನಿ.

ಮೆಟಬಾಲಿಸಮ್ ಎಂಬ ಪದವನ್ನು ಕಲಿಸಿದ್ದು ಪಾರ್ಕಿನ ಗೆಳೆಯ ಬದರಿನಾಥರು. ಇಬ್ಬರೂ ಬೆಳಿಗ್ಗೆ ಪಾರ್ಕು ಸುತ್ತಿ, ಆ ಶ್ರಮಕ್ಕೆ ಪರಿಹಾರವಾಗಿ ದರ್ಶಿನಿಯಲ್ಲಿ ಬೆಣ್ಣೆ ಹಾಕಿದ ಮಸಾಲೆ ದೋಸೆ ತಿಂದು ಮನೆ ಸೇರುವುದು ಪದ್ಧತಿ. ನಡಿಗೆಯಲ್ಲಿ ಕರಗಿದ್ದು ಅರ್ಧ ದೋಸೆಯಷ್ಟೂ ಇರಲಿಲ್ಲ ಎಂಬ ಲೆಕ್ಕ ಇಬ್ಬರಿಗೂ ಬೇಕಿರಲಿಲ್ಲ. ಆ ಪದ ಸಿಕ್ಕಮೇಲಂತೂ ಬೇರೆ ಯಾವ ಲೆಕ್ಕವೂ ಬೇಕಾಗಲಿಲ್ಲ.

ಹೆಂಡತಿಯ ಬಾಯಿ ಮುಚ್ಚಿಸಲು ಗೌರೀಶಂಕರರು ಪುರಾವೆಯನ್ನೇ ತರಲು ಹೊರಟರು. ಜೆ.ಪಿ. ನಗರದ ಕ್ಲಿನಿಕ್ಕೊಂದರಲ್ಲಿ ದೇಹ ಸುಮ್ಮನೆ ಮಲಗಿದ್ದಾಗ ಎಷ್ಟು ಶಕ್ತಿ ಖರ್ಚು ಮಾಡುತ್ತದೆಂದು ಅಳೆಯುವ ಯಂತ್ರವಿತ್ತು. ತಲೆಯ ಮೇಲೊಂದು ಪಾರದರ್ಶಕ ಬುಟ್ಟಿ ಕವುಚಿಕೊಂಡು, ಉಸಿರಾಡುತ್ತ ಮಲಗಿದರು. ಸುಮ್ಮನೆ ಮಲಗುವ ಪರೀಕ್ಷೆಯಲ್ಲಿ ಅವರಿಗೆ ಯಾವ ಆತಂಕವೂ ಇರಲಿಲ್ಲ.

ಡಯಟಿಷಿಯನ್ ಸುರಭಿ ಫಲಿತಾಂಶ ನೋಡಿದಳು. "ನಾರ್ಮಲ್ ಇದೆ ಸಾರ್. ನಿಜ ಹೇಳ್ಬೇಕಂದ್ರೆ ಸಣ್ಣಗಿರೋರಿಗಿಂತ ನಿಮ್ಮಲ್ಲಿ ಜಾಸ್ತೀನೇ ಉರೀತಿದೆ. ದೊಡ್ಡ ಮನೆಗೆ ಕರೆಂಟು ಜಾಸ್ತಿ ಬೇಕಲ್ವಾ, ಹಂಗೆ."

ಗೌರೀಶಂಕರರ ಮುಖ ಬಾಡಿತು. "ಮಷೀನು ಸರಿಯಾಗಿದೆಯಾ ಮೇಡಂ?"

"ಸರಿಯಾಗೇ ಇದೆ ಸಾರ್. ದಿನಾ ಉರಿಯೋದಕ್ಕಿಂತ ಜಾಸ್ತಿ ಒಳಗೆ ಹೋಗ್ತಿದೆ, ಅಷ್ಟೇ. ಸ್ವಲ್ಪ ಕಮ್ಮಿ ಮಾಡಿದ್ರೆ ದೇಹ ಕೂಡಿಟ್ಟಿರೋ ಕೊಬ್ಬನ್ನ ತೆಗೆದು ಉರಿಸತ್ತೆ. ಅದರಲ್ಲಿ ಬಹುಪಾಲು ಉಸಿರಿನ ಜೊತೆಗೇ ಗಾಳಿಯಾಗಿ ಆಚೆ ಹೋಗತ್ತೆ."

"ಉಸಿರಲ್ಲಿ ಹೋಗೋದಾದ್ರೆ ಪ್ರಾಣಾಯಾಮ ಸಾಕಲ್ಲ?" ಗೌರೀಶಂಕರರಿಗೆ ಮತ್ತೆ ಜೀವ ಬಂತು.

"ಒಳಗೆ ಉರಿದ್ರೆ ತಾನೇ ಸಾರ್ ಹೊಗೆ ಬರೋದು. ಬರೀ ಚಿಮಣಿ ಊದಿದ್ರೆ ಏನು ಬಂತು?"

ನಿಧಾನವಾಗಿ ಕಮ್ಮಿ ಮಾಡಿ ಎಂದು ಅವಳು ಹೇಳಿ ಕಳಿಸಿದಳು. ಯಂತ್ರದಿಂದ ಅವಮಾನಗೊಂಡವರಿಗೆ ನಿಧಾನ ಎಲ್ಲಿ? ಮರುದಿನದಿಂದಲೇ ಸೌತೆಕಾಯಿ ಮತ್ತು ಮಜ್ಜಿಗೆ, ಅಷ್ಟೇ. ಒಂದೇ ವಾರದಲ್ಲಿ ತೂಕ ಸರಸರನೆ ಇಳಿಯಿತು. ಪಾರ್ಕಿನ ಕಲ್ಲುಬೆಂಚು ಪೀಠವಾಯಿತು. ಕ್ಯಾಲರಿ ಎಂದರೇನು, ಜನ ಎಷ್ಟು ಅಜ್ಞಾನಿಗಳು ಎಂದು ಉಪನ್ಯಾಸ ಶುರುವಾಯಿತು. ಬದರಿನಾಥರು 'ಗುರುಗಳೇ' ಎನ್ನತೊಡಗಿದರು, ಆದರೆ ದೋಸೆಗೆ ಒಬ್ಬರೇ ಹೋಗುತ್ತಿದ್ದರು.

ಆಮೇಲೆ ತೂಕದ ಮುಳ್ಳು ಹಟ ಹಿಡಿದು ನಿಂತುಬಿಟ್ಟಿತು. ಗುರುಗಳು ಮನೆಯಲ್ಲಿ ಸಿಡುಕತೊಡಗಿದರು. ಏಪ್ರಿಲ್ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡರು. ಒಂದು ಬೆಳಿಗ್ಗೆ, ಸಂಯಮದ ಮಹತ್ವವನ್ನು ವಿವರಿಸುತ್ತಿದ್ದಾಗಲೇ ಕಣ್ಣು ಕತ್ತಲೆ ಬಂದು ಬೆಂಚಿನ ಮೇಲೆ ವಾಲಿದರು. ಬದರಿನಾಥರು ಜೇಬಿನಲ್ಲಿದ್ದ ಕೊಬ್ಬರಿ ಮಿಠಾಯಿಯನ್ನು ಬಾಯಿಗೆ ತುರುಕಿದರು. ಉಪನ್ಯಾಸ ಅಲ್ಲಿಗೆ ಮುಗಿಯಿತು.

ಕಾತ್ಯಾಯಿನಿ ಅವರನ್ನು ಮತ್ತೆ ಸುರಭಿಯ ಮುಂದೆ ಕೂರಿಸಿದರು.

"ಮೊದಲ ವಾರ ಹೋಗಿದ್ದು ಹೆಚ್ಚಾಗಿ ನೀರೇ ಸಾರ್, ಕೊಬ್ಬಲ್ಲ," ಎಂದಳು ಸುರಭಿ. "ಆಮೇಲೆ ಮಾಂಸಖಂಡಾನೂ ಕರಗಿದೆ. ನೀವು ಡಯಟ್ ಮಾಡ್ತಿದೀರ ಅಂತ ದೇಹಕ್ಕೆ ಗೊತ್ತಾಗಲ್ಲ. ಬರಗಾಲ ಬಂತು ಅಂದ್ಕೊಂಡು ಖರ್ಚು ಕಮ್ಮಿ ಮಾಡತ್ತೆ. ಅದಕ್ಕೇ ಚಳಿ, ಸುಸ್ತು. ಈಗ ನಿಮ್ಮ ಮೆಟಬಾಲಿಸಮ್ ಸ್ವಲ್ಪ ಸ್ಲೋ ಆಗಿರ್ಬಹುದು."

"ನೋಡಿದ್ಯಾ?" ಎಂದು ಗೌರೀಶಂಕರರು ಹೆಂಡತಿಯ ಕಡೆ ತಿರುಗಿದರು. ಕ್ಲಿನಿಕ್ಕಿಗೆ ಬಂದಂದಿನಿಂದ ಅವರ ಮುಖದಲ್ಲಿ ಅಷ್ಟು ತೃಪ್ತಿ ಕಂಡದ್ದು ಅದೇ ಮೊದಲು.

ಆಮೇಲಿನದು ಹೇಳಿಕೊಳ್ಳುವಂಥ ಕಥೆಯಲ್ಲ. ಅನ್ನ ಸ್ವಲ್ಪ ಕಡಿಮೆಯಾಯಿತು, ಹುಳಿಯಲ್ಲಿ ಬೇಳೆ ತರಕಾರಿ ಹೆಚ್ಚಿತು. ತುಪ್ಪ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಹಾಕಿಕೊಂಡರು. ಮಾಂಸಖಂಡಕ್ಕೆಂದು ನೀರಿನ ಬಾಟಲಿಗಳನ್ನು ಎತ್ತಿ ಇಳಿಸಿದರು. ದೋಸೆ ಭಾನುವಾರಕ್ಕೆ ಮಾತ್ರ ಉಳಿಯಿತು. ಪಾರ್ಕಿನಲ್ಲಿ ಹೇಳಲು ಇದರಲ್ಲಿ ಏನೂ ಇರಲಿಲ್ಲವಾದ್ದರಿಂದ ಸುಮ್ಮನೆ ನಡೆದರು. ತೂಕ ಸರ್ಕಾರಿ ಕಡತದ ವೇಗದಲ್ಲಿ ಇಳಿಯಿತು, ಆದರೆ ಇಳಿಯಿತು.

ವರ್ಷದ ನಂತರ ಜಯನಗರದಲ್ಲಿ ನೆಂಟರ ಮದುವೆ. ಹೊಸದಾಗಿ ಹೊಲಿಸಿದ ಪ್ಯಾಂಟು ಹಾಕಿ, ಯಾರಾದರೂ ಕೇಳಿಯಾರೆಂದು ಗೌರೀಶಂಕರರು ಛತ್ರದ ಬಾಗಿಲಲ್ಲೇ ನಿಂತರು. ಎಲ್ಲರೂ ಕೇಳಿದರು.

"ಏನ್ ಸಾರ್, ಶುಗರ್ರಾ?"

"ಇಷ್ಟು ಇಳಿದುಹೋಗಿದೀರಲ್ಲ, ಮನೇಲಿ ಏನಾದ್ರೂ ಯೋಚನೇನಾ?"

ಊಟದ ಮನೆಯಲ್ಲಿ ಸೋದರತ್ತೆ ಕಮಲಾದೇವಿ ಅವರ ಕೆನ್ನೆ ಮುಟ್ಟಿ ಕಣ್ಣೊರೆಸಿಕೊಂಡರು. "ದೊಡ್ಡಾಸ್ಪತ್ರೆಗೆ ತೋರಿಸಮ್ಮ," ಎಂದು ಕಾತ್ಯಾಯಿನಿಗೆ ಪಿಸುಗುಟ್ಟಿ, ಬಡಿಸುವವನನ್ನು ಕರೆದರು. "ಪಾಪ, ಇವ್ನಿಗೆ ಇನ್ನೊಂದು ಚಿರೋಟಿ ಹಾಕಪ್ಪ. ತಿನ್ನೋಕಾಗೋವಷ್ಟು ದಿನ ತಿನ್ಲಿ."

ಗೌರೀಶಂಕರರು ಕ್ಯಾಲರಿಯ ವಿಷಯ ತೆಗೆಯಲು ಬಾಯಿ ತೆರೆದರು. ಎದುರಿಗೆ ಅತ್ತೆಯ ಒದ್ದೆ ಕಣ್ಣು ಕಂಡಿತು. ಬಾದಾಮಿ ಹಾಲಿನಲ್ಲಿ ನೆನೆದ ಚಿರೋಟಿಯನ್ನು ಅರ್ಧ ಮುರಿದು, ನಿಧಾನವಾಗಿ ತಿಂದರು. ಚೆನ್ನಾಗಿತ್ತು. ಉಳಿದರ್ಧವನ್ನು ಹೆಂಡತಿಯ ಎಲೆಗೆ ದಾಟಿಸಿದರು.

"ನಂಗೂ ಬೇಡ ರೀ," ಎಂದು ಕಾತ್ಯಾಯಿನಿ ಅದನ್ನು ತಿಂದರು.