ಎರಡು ಬೆರಳಿಗೆ ಕಟ್ಟಿದ ಕೆಂಪು ನೂಲು

ಗದ್ವಾಲದ ರಿಪೇರಿಯವನು ನನ್ನ ಹಾರ್ಮೋನಿಯಂನ ಮೇಲ್ಹಲಗೆ ತೆಗೆದಾಗ ಒಳಗಿನ ಧೂಳಿನಲ್ಲಿ ಗೇಣುದ್ದದ ಕೆಂಪು ನೂಲು ಸಿಕ್ಕಿತು. ಅವನು ಎಸೆಯಹೋದ, ನಾನು ಅವನ ಕೈಯನ್ನೇ ಹಿಡಿದುಬಿಟ್ಟೆ. ನಾರಾಯಣಪೇಟೆಯ ಸೀರೆಯಂಚಿನ ನೂಲು ಅದು. ಮೂಸಿದೆ. ಗಂಜಿಯ ವಾಸನೆ ಎಂದೋ ಹೋಗಿರಬೇಕು... ಆದರೂ ನನಗೆ ಬಂತು.

ನಾರಾಯಣಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸೀರೆ ನೇಯುತ್ತಿದ್ದವರನ್ನು ಓಣಿಯೆಲ್ಲ ಪೇಟಿ ಕಾಕಾ ಎನ್ನುತ್ತಿತ್ತು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎಂದೇ ಹೆಸರು. ಹಗಲು ಮಗ್ಗ, ಸಂಜೆ ಪೇಟಿ. ಶನಿವಾರದ ಭಜನೆಯಲ್ಲಿ ಹಾಡುವವರೂ ಅವರೇ, ನುಡಿಸುವವರೂ ಅವರೇ. ಅವರನ್ನು ನೋಡಿ ನೋಡಿ ನಾನು ಹತ್ತನೇ ಕ್ಲಾಸಿನ ಹೊತ್ತಿಗೆ ನಾಲ್ಕು ಭಜನೆ ನುಡಿಸುತ್ತಿದ್ದೆ. ತೋರುಬೆರಳು, ನಡುಬೆರಳು, ಅಷ್ಟೇ. ಓಣಿಯ ಹೆಂಗಸರು ತೆಲುಗಿನಲ್ಲಿ "ಪಿಲ್ಲ ಬಾಗ ವಾಯಿಸ್ತದಿ", ಹುಡುಗಿ ಚೆನ್ನಾಗಿ ನುಡಿಸುತ್ತಾಳೆ, ಎಂದು ಹೊಗಳಿದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದೂರು ಮಕ್ತಲ್‌ನ ಭಜನೆಗೆ ಪೇಟಿ ನಾನೇ ನುಡಿಸುತ್ತೇನೆಂದು ಹಟ ಹಿಡಿದೆ. ಕಾಕಾ ಬೇಡ ಎನ್ನಲಿಲ್ಲ.

ನಾನು ಕಲಿತದ್ದೆಲ್ಲ ಬಿಳಿ ಒಂದರಲ್ಲಿ, ಎಂದರೆ ಮೊದಲ ಬಿಳಿ ಪಟ್ಟಿಯನ್ನು ಷಡ್ಜ ಮಾಡಿಕೊಂಡು. ಅಂದು ಕಾಕಾ ಹುಮ್ಮಸ್ಸಿನಲ್ಲಿ ಇನ್ನೂ ಮೇಲೆ, ಕರಿ ಎರಡರಲ್ಲಿ ಹಾಡು ಎತ್ತಿಕೊಂಡರು. ನನ್ನ ಎರಡು ಬೆರಳು ಹಿಂಡು ತಪ್ಪಿದ ಕುರಿಗಳಂತೆ ಕರಿ ಬಿಳಿ ಪಟ್ಟಿಗಳ ನಡುವೆ ಓಡಾಡಿದವು. ಕೊನೆಗೆ ಪೇಟಿಯೇ ನಿಂತುಹೋಯಿತು. ಕಾಕಾ ಬರೀ ತಾಳದ ಮೇಲೆ ಹಾಡು ಮುಗಿಸಿದರು. ಬಸ್ಸಿನಲ್ಲಿ ಮುಸಿ ಮುಸಿ ಅಳುತ್ತಿದ್ದ ನನಗೆ ಅವರು ಹೇಳಿದ್ದು ಒಂದೇ ಮಾತು. "ದೇವರು ಐದು ಬೆರಳು ಕೊಟ್ಟಾನವ್ವ. ಮೂರನ್ನ ಎದಕ ಸುಮ್ನ ಕುಂದ್ರಿಸೀದಿ?"

ಮರುದಿನ ಮಗ್ಗದ ಬಳಿಯಿಂದ ಕೆಂಪು ನೂಲು ತಂದು ನನ್ನ ಆ ಎರಡು ಜಾಣ ಬೆರಳುಗಳನ್ನು ಜೋಡಿಸಿ ಕಟ್ಟಿದರು. "ಇವಕ ರಜಾ," ಎಂದರು. ಇನ್ನು ಹೆಬ್ಬೆರಳು, ಉಂಗುರಬೆರಳು, ಕಿರುಬೆರಳೇ ಸ್ವರ ಹಿಡಿಯಬೇಕು. ಎಡಗೈ ತಿದಿಯನ್ನು ತೊಟ್ಟಿಲು ತೂಗಿದ ಹಾಗೆ ತೂಗಬೇಕು, ಜಗ್ಗಬಾರದು. ನಾಲ್ಕು ತಿಂಗಳು ಬರೀ ಸರಿಗಮ. ಇವತ್ತು ಬಿಳಿ ಒಂದರಿಂದ, ನಾಳೆ ಕರಿ ಒಂದರಿಂದ... ನಾನು ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡವಳು.

"ಹಾಡು ಯಾವಾಗ ಕಲಿಸ್ತೀರಿ ಕಾಕಾ?"

"ಹಾಡು ಎಲ್ಲಿ ಓಡಿಹೋಗ್ತೈತಿ? ಮಗ್ಗದಾಗ ಎಳಿ ತಪ್ಪಿದ್ರ ಮುಂದ ನೇಯಾಕ ಬರಂಗಿಲ್ಲವ್ವ. ತಪ್ಪಿದಲ್ಲಿತನ ಬಿಚ್ಚಿಕೊಂತ ಬರಬೇಕು."

ಬಿಚ್ಚಿದೆವು. ನೂಲು ಕಳಚಿದ ದಿನ ಐದೂ ಬೆರಳು ಯಾರ ಅಪ್ಪಣೆಗೂ ಕಾಯದೆ ನಡೆದವು. ಹೆಬ್ಬೆರಳು ಉಳಿದವುಗಳ ಕೆಳಗೆ ತಾನಾಗಿ ನುಸುಳಿತು. ಅಷ್ಟು ದಿನ ಅವರನ್ನು ಬೈದುಕೊಂಡಿದ್ದಕ್ಕೆ ನನಗೆ ನಿಜಕ್ಕೂ ನಾಚಿಕೆಯಾಯಿತು.

ಆ ಕೈಯ ಬೆಲೆ ಪೂರ್ತಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕಾಕಾನಿಗೆ ವಯಸ್ಸಾಗಿತ್ತು. ಆದರೂ ಹೊರಊರಿನ ಸಭೆಗಳಲ್ಲಿ ಕರಿ ಎರಡು ಬಿಟ್ಟು ಇಳಿದವರಲ್ಲ; ಅವರ ಕಂಠ ಎಂದರೆ ಸುತ್ತಲ ಊರುಗಳಿಗೆ ಅಭಿಮಾನ. ಮತ್ತೆ ಅದೇ ಮಕ್ತಲ್‌ನ ಭಜನೆ. ಪೇಟಿಗೆ ನಾನು. ಎರಡನೇ ನುಡಿಯಲ್ಲಿ ಮೇಲಕ್ಕೆ ಹೋದ ದನಿ ಒಡೆಯಿತು. ಕಾಕಾ ಕೆಮ್ಮಿದಂತೆ ಮಾಡಿ ಉಸಿರು ತೆಗೆದುಕೊಂಡರು. ನನ್ನ ಕಡೆ ನೋಡಲಿಲ್ಲ. ಪೇಟಿ ಮೇಲೆಯೇ ಉಳಿದರೆ ಅವರ ದನಿ ಬಿದ್ದದ್ದು ಸಭೆಗೆಲ್ಲ ಗೊತ್ತಾಗುತ್ತಿತ್ತು. ಅವರು ಕರಿ ಒಂದಕ್ಕೆ ಇಳಿದು ಪಲ್ಲವಿ ಹಿಡಿಯುವಷ್ಟರಲ್ಲಿ ನನ್ನ ಕೈ ಅಲ್ಲಿತ್ತು. ಹುಡುಕಲಿಲ್ಲ, ತಡವರಿಸಲಿಲ್ಲ. ಜನ ತಲೆದೂಗುತ್ತಲೇ ಇದ್ದರು.

ಭಜನೆ ಮುಗಿದ ಮೇಲೆ ಕಾಕಾ ನನ್ನ ಬಲಗೈ ಹಿಡಿದು ಉಂಗುರಬೆರಳನ್ನು ಮೆಲ್ಲಗೆ ಒತ್ತಿದರು. "ನೀ ಇಳಿದದ್ದು ನನಗೂ ತಿಳೀಲಿಲ್ಲವ್ವ," ಎಂದರು. ನಾನು ಬಾಳಿನಲ್ಲಿ ಗಳಿಸಿದ ಸರ್ಟಿಫಿಕೇಟು ಅದೊಂದೇ. ಮುಂದಿನ ವರ್ಷ ಅವರಿರಲಿಲ್ಲ. ಈ ಪೇಟಿಯನ್ನು ನನಗೇ ಕೊಡಬೇಕೆಂದು ಮನೆಯವರಿಗೆ ಹೇಳಿ ಹೋಗಿದ್ದರಂತೆ...

"ನುಡಿಸಿ ನೋಡ್ರಿ ಅಕ್ಕಾ," ಎಂದ ರಿಪೇರಿಯವನು. ನೂಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕರಿ ಒಂದು ಹಿಡಿದೆ. ಸ್ವರ ಚೆನ್ನಾಗಿಯೇ ನಿಂತಿತು. ತಿದಿ ತೂಗುತ್ತಾ, ಹಳೆಯ ರೂಢಿಯಂತೆ, ಕಾಕಾ ಹಾಡು ಎತ್ತಿಕೊಳ್ಳಲಿ ಎಂದು ಸ್ವಲ್ಪ ಹೊತ್ತು ಕಾದೆ.