ಬೇಲಿಯಾಚೆಯಿಂದ ಕರೆಯುತ್ತಿದ್ದ ಹೆಸರು

ಮೊಮ್ಮಗಳು ಎಲೆಯೊಂದರ ಮೇಲೆ ಹಾಳೆ ಇಟ್ಟು ಕ್ರೇಯಾನು ಉಜ್ಜುತ್ತಿದ್ದಳು. ಡೇಕೇರಿನಲ್ಲಿ ಕಲಿತ ಆಟ. ಎಲೆಯ ನರಗಳು ಹಾಳೆಯಲ್ಲಿ ಮೂಡಿದವು, ಮೇಣದ ವಾಸನೆ ಬಂತು. ಅನ್ನಕ್ಕೆ ಅಕ್ಕಿ ಅಳೆಯುತ್ತಿದ್ದ ನನ್ನ ಕೈ ನಿಂತಿತು. ಪಕ್ಕದ ಮನೆಯಾಕೆಯ ಊಟದ ಮೇಜಿನ ಸುತ್ತ ಸದಾ ಇದೇ ವಾಸನೆ ಇರುತ್ತಿತ್ತು...

ಅಮೆರಿಕದ ಪಶ್ಚಿಮ ಕರಾವಳಿಯ ಫಾಸ್ಟರ್ ಸಿಟಿಯಲ್ಲಿ ನಮ್ಮಿಬ್ಬರ ಹಿತ್ತಿಲಿಗೂ ಒಂದೇ ಬೇಲಿ. ಆಕೆಗೆ ಎಂಬತ್ತು ದಾಟಿತ್ತು, ಆದರೂ ಕೂತಲ್ಲಿ ಕೂರುವವಳಲ್ಲ. ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ ಹಡಗಿನಲ್ಲಿ ಬಂದಿಳಿದ ತನ್ನ ಮೂಲಪುರುಷನ ಬೆನ್ನು ಹತ್ತಿದ್ದಳು. ಅವನ ಹೊಲ, ಹಸು, ನೆರೆಯವರೊಡನೆ ಆಡಿದ ಜಗಳ, ಎಲ್ಲ ಹಳೆಯ ದಾಖಲೆಗಳಲ್ಲಿ ಸಿಕ್ಕಿದ್ದವು. ಸಿಗದೆ ಕಾಡಿದ್ದು ಅವನ ಹೆಂಡತಿ. ಪೂರ್ವ ಕರಾವಳಿಯ ಹಳೆಯ ಸ್ಮಶಾನಕ್ಕೆ ಹೋಗಿ, ಗೋರಿಕಲ್ಲಿನ ಮೇಲೆ ಕಾಗದ ಹಾಸಿ, ಕಪ್ಪು ಮೇಣ ಉಜ್ಜಿ ಅಕ್ಷರಗಳನ್ನು ಎತ್ತಿಕೊಂಡು ಬಂದಿದ್ದಳು. ಇಂಥವನ ಹೆಂಡತಿ ಮೇರಿ, ಅಷ್ಟೇ. ತವರುಮನೆಯ ಹೆಸರಿಲ್ಲ.

"ಈಕೆ ಯಾರ ಮಗಳು ಅಂತ ಗೊತ್ತಾಗದೆ ನಾನು ಸಾಯುವುದಿಲ್ಲ," ಎಂದು ಮೇಜು ಕುಟ್ಟುತ್ತಿದ್ದಳು.

ಗೊತ್ತಾದರೆ ಏನು ಬಂತು ಎಂದು ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ದಿನ ಸಮಾಧಾನಕ್ಕೆಂದು ಧಾರವಾಡದ ನಮ್ಮ ಮನೆಗಳ ಪದ್ಧತಿ ಹೇಳಿದೆ. ಮದುವೆಯಲ್ಲಿ ತಟ್ಟೆಯ ತುಂಬ ಅಕ್ಕಿ ಹರವಿ, ಗಂಡ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ತುಂಗಾ ಆಗಿದ್ದವಳು ಹಾಗೆಯೇ ಸುಮತಿಯಾದೆ. ನಗುತ್ತಲೇ ಹೇಳಿದೆ. ಆಕೆ ನಗಲಿಲ್ಲ.

"ನಿನ್ನದೂ ಹೋಯಿತಾ?" ಎಂದಳು.

ಮಾರನೆಯ ದಿನದಿಂದ ಬೇಲಿಯ ಆಚೆಯಿಂದ "ಟುಂಗಾ! ಟುಂಗಾ!" ಎಂದು ಕೂಗು. ಅವ್ವ ಹೋದ ಮೇಲೆ ನನ್ನನ್ನು ಹಾಗೆ ಕರೆದವರಿರಲಿಲ್ಲ. ಮೊದಮೊದಲು ಸಿಟ್ಟು ಬಂತು, ಮುದುಕಿಗೆ ಬೇರೆ ಕೆಲಸವಿಲ್ಲ ಎಂದು ಗೊಣಗಿದೆ. ಬರಬರುತ್ತಾ, ಕೂಗು ಕೇಳದ ದಿನ ನನಗೇ ಯಾವ ಕೆಲಸವೂ ಕೈಹತ್ತದಾಯಿತು. ಒಳಗೂ ಹೊರಗೂ ಸುಮ್ಮನೆ ಓಡಾಡುತ್ತಿದ್ದೆ.

ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಮೇರಿಯ ತವರು ಸಿಗಲೇ ಇಲ್ಲ. ಮಗ ಬಂದು ಮನೆ ಖಾಲಿ ಮಾಡಿಸಿದ. ಮೇರಿಯ ಹೆಸರಿದ್ದ ಆ ಕಾಗದದ ಸುರುಳಿ ಏನಾಯಿತೋ... ಕೇಳೋಣವೆಂದು ಹೋಗುವಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿತ್ತು. ಈಗಲೂ ಬೇಲಿಯ ಕಡೆ ಸದ್ದಾದರೆ ಎದ್ದು ಹೋಗಿ ನೋಡುತ್ತೇನೆ. ಹಿತ್ತಿಲ ಹಿಂದಿನ ಕಾಲುವೆಯ ನೀರಿನಿಂದ ಹತ್ತಿ ಬಂದ ಬಾತುಗಳಿರುತ್ತವೆ.

ಅಳೆದಿದ್ದ ಅಕ್ಕಿಯನ್ನು ತಟ್ಟೆಗೆ ಸುರಿದು, ಹರವಿ, ಬೆರಳಿನಿಂದ ಬರೆದೆ. ಮೊಮ್ಮಗಳು ಬಗ್ಗಿ ನೋಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು.

"ವಾಟ್ ಡಸ್ ಇಟ್ ಸೇ, ಅಜ್ಜಿ?"

"ತುಂಗಾ."

"ಹೂ ಈಸ್ ದಟ್?"

"ನಾನವಾ, ನಿಮ್ಮಜ್ಜಿ."

"ನೋ! ಅಜ್ಜಾ ಕಾಲ್ಸ್ ಯೂ ಸುಮತಿ."

"ಹೌದವಾ... ತುಂಗಾ ಅಂತ ಕರೀಲಿಕ್ಕೆ ಬಾಜೂ ಮನಿಯಾಕಿ ಒಬ್ಬಾಕಿ ಇದ್ಲು. ಈಗ ಯಾರೂ ಇಲ್ಲ ನೋಡು."