ಕೋಳಿಗಳ ಹುಳಿನೀರು

ಅಂಗಡಿಯವರು ಅದನ್ನು ಆ್ಯಸಿಡ್ ಎಂದು ಕರೆಯದೇ ಇದ್ದಿದ್ದರೆ ನಮ್ಮ ಮನೆಯಲ್ಲಿ ಇಷ್ಟೆಲ್ಲ ಆಗುತ್ತಿರಲಿಲ್ಲ. ಹೇಳಿದವರು ಅವರು, ಅದನ್ನು ಮನೆತುಂಬ ಸಾರಿದವಳು ನಾನು. ನನ್ನದು ಸುಮ್ಮನಿರುವ ಬಾಯಲ್ಲ.

ದೇವದುರ್ಗದ ಕಡೆಯ ನಮ್ಮೂರಿನಿಂದ ನಾನು, ನನ್ನ ಗಂಡ, ಅತ್ತೆ ಮೂವರೂ ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದೆವು. ಅಲ್ಲಿ ಒಂದು ನೀಲಿ ತಾಡಪತ್ರಿಯೇ ನಮ್ಮ ಮನೆ. ಅದು ಸಾಕೆನಿಸಿ ನನ್ನ ತವರು ಬಾಗಲವಾಡದಲ್ಲಿ, ಅಣ್ಣ ಕೊಟ್ಟ ಜಾಗದಲ್ಲಿ ಬ್ರಾಯ್ಲರ್ ಕೋಳಿಯ ಶೆಡ್ಡು ಹಾಕಿದೆವು. ಮೊದಲೆರಡು ಬ್ಯಾಚು ಚೆನ್ನಾಗಿಯೇ ಬೆಳೆದವು. ಮೂರನೆಯದರಲ್ಲಿ ಮರಿಗಳು ನೀರುನೀರಾಗಿ ಹಿಕ್ಕೆ ಹಾಕತೊಡಗಿದವು. ಸಿರವಾರದ ಗಿರಣಿಯಿಂದ ತಂದು ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು ಒದ್ದೆಯಾಗಿ, ಒಳಗೆ ಕಾಲಿಟ್ಟರೆ ಕಣ್ಣು ಉರಿಯುವಷ್ಟು ಘಾಟು. ಬೆಳಗಾದರೆ ಸತ್ತ ಮರಿಗಳನ್ನು ಆರಿಸಿ ಹೂಳುವುದೇ ನನ್ನ ಮೊದಲ ಕೆಲಸವಾಯಿತು.

ನಾಲ್ಕನೆಯ ಬ್ಯಾಚೂ ಹೀಗೇ ಆದರೆ ಶೆಡ್ಡಿಗೆ ಬೀಗ ಹಾಕಿ ಮತ್ತೆ ಪುಣೆಗೆ ಹೋಗೋಣ ಎಂದು ಗಂಡ ಹೇಳಿಬಿಟ್ಟ. ಶೆಡ್ಡಿನ ಒಂದು ಬದಿಯ ಪರದೆ ಹರಿದಿತ್ತು. ನೀಲಿ ತಾಡಪತ್ರಿಯನ್ನು ಅಲ್ಲಿ ಕಟ್ಟೋಣವೆಂದರೆ ಅದನ್ನು ಮುಟ್ಟಗೊಡಲಿಲ್ಲ. ಪುಣೆಯಲ್ಲಿ ತಲೆಯ ಮೇಲೆ ಏನು ಕಟ್ಟಿಕೊಳ್ಳುತ್ತೀ ಎಂದು ಕೇಳಿದ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ನಾಲ್ಕನೆಯ ಬ್ಯಾಚು ಬಂದ ವಾರಕ್ಕೇ ಹಿಕ್ಕೆ ಮತ್ತೆ ತೆಳುವಾಯಿತು. ರಾಯಚೂರಿನ ಪಶು ಔಷಧಿ ಅಂಗಡಿಗೆ ಓಡಿದೆ. ನಮ್ಮ ಬೋರಿನ ನೀರು ಗಡಸು, ಕರುಳಿನಲ್ಲಿ ಕೆಟ್ಟ ಕ್ರಿಮಿ ಬೆಳೆಯುತ್ತಿರಬೇಕು, ಸ್ವಲ್ಪ ಹುಳಿ ಇದ್ದರೆ ಅವುಗಳ ಆಟ ನಡೆಯುವುದಿಲ್ಲ ಎಂದು ಅಂಗಡಿಯವರು ತಿಳಿಸಿ ಹೇಳಿದರು. ಕಾಳು ನಾವೇ ಅರೆಸುವವರಾಗಿದ್ದರೆ ಹುಳಿಯ ಪುಡಿಯನ್ನು ಅದಕ್ಕೇ ಬೆರೆಸಬಹುದಿತ್ತಂತೆ. ನಮ್ಮದು ಚೀಲದಲ್ಲಿ ಬರುವ ಸಿದ್ಧ ಆಹಾರ, ಹಾಗಾಗಿ ಕುಡಿಯುವ ನೀರಿಗೆ ಹಾಕುವ ಸಾವಯವ ಆ್ಯಸಿಡ್ಡಿನ ಕ್ಯಾನು ಕೊಟ್ಟರು. ಜೊತೆಗೆ ಒಂದಿಷ್ಟು ಕಾಗದದ ಪಟ್ಟಿ. ನೀರಿನಲ್ಲಿ ಅದ್ದಿದಾಗ ಪಟ್ಟಿ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹುಳಿ ಸರಿಯಾಗಿದೆ ಎಂದರ್ಥ.

ಬೆಳಿಗ್ಗೆ ಅಳತೆ ಹಿಡಿದು ತೊಟ್ಟಿಗೆ ಹಾಕಿದೆ. ಮಧ್ಯಾಹ್ನ ಅದ್ದಿ ನೋಡಿದರೆ ಪಟ್ಟಿ ನೀಲಿ. ಮರುದಿನವೂ ನೀಲಿ, ಅದರ ಮರುದಿನವೂ ನೀಲಿ. ನನ್ನ ಪಿತ್ತ ನೆತ್ತಿಗೇರಿತು. ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿಕೊಂಡು ಮಾನ್ವಿಗೆ ಬಂದು, ರಾಯಚೂರಿನ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಬರೀ ನೀರು ಮಾರಿದ್ದೀರಿ ಎಂದು ಜಾಡಿಸಿದೆ. ಪಾಪ, ಆ ಮನುಷ್ಯ ಎದುರಾಡಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ತಳದಲ್ಲಿದ್ದ ಬಿಳಿ ಗಷ್ಟು ತೋರಿಸಿದರು.

“ಯವ್ವಾ, ಇದರಾಗ ಯಾರೋ ಸುಣ್ಣ ಕಲಸ್ಯಾರ ನೋಡ್ರಿ. ಹುಳೀನೆಲ್ಲ ಸುಣ್ಣ ನುಂಗಿಬಿಟ್ಟರ ಕೋಳಿಗೆ ಏನು ಉಳೀತದ?”

ನಮ್ಮ ಮನೆಯಲ್ಲಿ ಸುಣ್ಣ ಇರುವುದು ಒಂದೇ ಕಡೆ, ಅತ್ತೆಯ ಎಲೆಅಡಿಕೆ ಚೀಲದಲ್ಲಿ. ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಜೋಡಿಸಿಕೊಂಡೇ ಬಂದೆ. ಕೇಳಿದ ಕೂಡಲೇ ಅವಳು ಒಪ್ಪಿಕೊಂಡಳು. ಸೀರೆಯ ಅಂಚು ಸರಿಸಿ, ಪಾದದ ಮೇಲಿನ ಸುಟ್ಟ ಕಲೆ ತೋರಿಸಿದಳು. ಪುಣೆಯಲ್ಲಿ ಹೊಸ ಕಟ್ಟಡದ ಟೈಲ್ಸ್ ತೊಳೆಯುವಾಗ ಬಿದ್ದ ಆ್ಯಸಿಡ್ಡಿನ ಕಲೆ ಅದು. ಆ್ಯಸಿಡ್ ಎಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ.

“ಆವತ್ತು ಸುಣ್ಣ ಹಚ್ಚಿದ ಮ್ಯಾಲೇ ನನ್ನ ಉರಿ ಇಳೀತು. ಮರೀಗಳ ಹೊಟ್ಟಿ ಸುಡಬಾರದಂತ ಹಾಕೀನಿ,” ಅಂದಳು.

ಜಗಳವನ್ನು ಅಲ್ಲಿಗೇ ಬಿಟ್ಟೆ. ಅವಳ ಎದುರಿಗೇ ತೊಟ್ಟಿ ತಿಕ್ಕಿ ತೊಳೆದು ಹೊಸದಾಗಿ ಹುಳಿನೀರು ಕಲಸಿದೆ. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ ಅತ್ತೆ, ಇದು ಹುಣಸೆಹಣ್ಣಿನ ನೀರಿನಷ್ಟೂ ಹುಳಿಯಿಲ್ಲ, ಮೊದಲೇ ಹೇಳಲು ಏನಾಗಿತ್ತು ಎಂದು ನನ್ನನ್ನೇ ಬೈದಳು. ಪಟ್ಟಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಂದಿನಿಂದ ಎಲೆಅಡಿಕೆ ಚೀಲವನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಶೆಡ್ಡಿನೊಳಗೆ ಬರುತ್ತಾಳೆ.

ಒದ್ದೆ ಹೊಟ್ಟನ್ನೂ ತೆಗೆದು ಹೊಸದು ಹಾಸಿದ್ದೆವು, ಆದ್ದರಿಂದ ಎಲ್ಲ ಆ ಕ್ಯಾನಿನ ಮಹಿಮೆ ಎಂದು ನಾನು ಆಣೆ ಮಾಡಲಾರೆ. ಆದರೆ ವಾರದೊಳಗೆ ಹಿಕ್ಕೆ ಗಟ್ಟಿಯಾಯಿತು. ಒಂದು ಬೆಳಿಗ್ಗೆ ಎಷ್ಟು ಹುಡುಕಿದರೂ ಸತ್ತ ಮರಿ ಒಂದೂ ಸಿಗಲಿಲ್ಲ. ಹಿಡಿ ಹೊಟ್ಟು ತೆಗೆದು ಬಿಗಿಯಾಗಿ ಹಿಸುಕಿ ಕೈ ಬಿಚ್ಚಿದೆ. ಒಣಒಣವಾಗಿ ಉದುರಿಹೋಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅಲ್ಲೇ ಮರಿಗಳ ನಡುವೆ ಕುಳಿತುಬಿಟ್ಟೆ. ಅಂಗಡಿಯವರಿಗೆ ಫೋನು ಮಾಡಿ ತಪ್ಪಾಯಿತು ಎಂದೆ.

ಗಂಡನೂ ಹಿಡಿ ಹೊಟ್ಟು ತೆಗೆದು ಮೂಸಿದ. ನೇರ ಮನೆಗೆ ಹೋಗಿ ನೀಲಿ ತಾಡಪತ್ರಿಯನ್ನೂ ಕತ್ತರಿಯನ್ನೂ ತಂದ. ಹರಿದ ಪರದೆಯ ಜಾಗಕ್ಕೆ ಅದು ಉದ್ದವಾಗುತ್ತಿತ್ತು. ಅತ್ತೆ ಒಂದು ತುದಿ ಹಿಡಿದುಕೊಂಡಳು.

“ಕತ್ತರಿಸಿದರ ಮತ್ತ ಪುಣೇದಾಗ ಗುಡಿಸಲಿಗೆ ಬರಂಗಿಲ್ಲ,” ಅಂದೆ ನಾನು.

“ಬರೂದು ಬ್ಯಾಡ,” ಎಂದು ಅವನು ನಟ್ಟನಡುವೆ ಕತ್ತರಿ ಹಾಕಿದ.